ಹೆಸರು ಬರೆಯದ ಚೀಟಿ

ಇಚಿಕಾವಾ
8 ಸೆಪ್ಟೆಂಬರ್ 2024

ಮಾನ್ಯ ಶಂಕರ ಅವರಿಗೆ,

ಹತ್ತು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಕ್ಷೇಮ ಸಮಾಚಾರಕ್ಕೆಂದು ಬರೆಯುತ್ತಿಲ್ಲ. ಶಿಕ್ಷಕರ ಪತ್ರಿಕೆಯಲ್ಲಿ ಬಂದ ನಿಮ್ಮ ಲೇಖನದ ಕೆಳಗೆ ವಿಳಾಸವೂ ಇತ್ತು, ಫೋನ್ ನಂಬರೂ ಇತ್ತು. ಮೆಸೇಜು ಕಳಿಸಿದರೆ ನೀವು ಓದಿದಿರೋ ಇಲ್ಲವೋ ಎಂದು ಎರಡು ನೀಲಿ ಗೆರೆಗಳಿಗೆ ಕಾಯುತ್ತಾ ಕೂರಬೇಕು. ಆ ಕೆಲಸ ನನಗೆ ಬೇಡ. ಅದಕ್ಕೇ ಕಾಗದ.

ಲೇಖನದಲ್ಲಿ ನಮ್ಮ ಪ್ರಶ್ನೆ ಡಬ್ಬಿಯ ಕಥೆ ಬರೆದಿದ್ದೀರಿ. ಬಿಸ್ಕತ್ತಿನ ತಗಡಿನ ಡಬ್ಬಿಗೆ ಸೀಳು ಕೊರೆದು, ಬೀಗ ಹಾಕಿ, ‘ಹೆಸರು ಬರೆಯದೆ ಏನು ಬೇಕಾದರೂ ಕೇಳಿ, ಯಾರು ಕೇಳಿದರೆಂದು ಎಂದೂ ಹೊರಗೆ ಹೋಗುವುದಿಲ್ಲ’ ಎಂದು ಮಕ್ಕಳಿಗೆ ಮಾತು ಕೊಟ್ಟ ಕಥೆ. ‘ಇದು ವೇದವಲ್ಲಿ ಟೀಚರ್ ಅವರ ಕಲ್ಪನೆ’ ಎಂದೂ ಬರೆದಿದ್ದೀರಿ. ಆ ಮಾತು ಹೇಗೆ ಮುರಿಯಿತೆಂದು ಮಾತ್ರ ಬರೆದಿಲ್ಲ. ಮರೆತಿದ್ದರೆ ನೆನಪಿಸುತ್ತೇನೆ. ‘ಶಾಲೆಗೆ ಬಂದ ಹಾಲಿನ ಪುಡಿ ಸಂಜೆ ಯಾರ ಸ್ಕೂಟರಿನಲ್ಲಿ ಹೋಗುತ್ತದೆ?’ ಎಂಬ ಚೀಟಿಯನ್ನು, ಹೆಡ್‌ಮಾಸ್ಟರು ತಪಾಸಣೆಗೆಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ, ಬೇಕೆಂದೇ ಗಟ್ಟಿಯಾಗಿ ಓದಿದವಳು ನಾನು. ಹೆಸರು ಹೇಳಲಿಲ್ಲ. ಡಬ್ಬಿಗೆ ಇದ್ದದ್ದು ಎರಡೇ ಕೀಲಿ, ನನ್ನದೊಂದು, ನಿಮ್ಮದೊಂದು. ಚೀಟಿಯ ಕೈಬರಹ ನೋಡಿ ಯಾರದೆಂದು ಹೇಳಬಲ್ಲವರೂ ನಾವಿಬ್ಬರೇ. ಆ ಸಂಜೆ ನೀವು ಹೆಡ್‌ಮಾಸ್ಟರ ಕೋಣೆಯಿಂದ ತಲೆ ತಗ್ಗಿಸಿಕೊಂಡು ಬಂದಿರಿ. ಮರುದಿನ ಪ್ರೇರಣಾಳ ಅಪ್ಪನನ್ನು ಕರೆಸಿ, ಎಲ್ಲರೆದುರು ಅವಮಾನ ಮಾಡಿ, ಟಿ.ಸಿ. ಕೈಗಿಟ್ಟರು. ಏಳನೇ ಕ್ಲಾಸಿನ ಹುಡುಗಿ.

ಈಗ ಕೇಳಿ. ನಾನಿಲ್ಲಿ ಜಪಾನಿನಲ್ಲಿ ಭಾರತೀಯ ಮಕ್ಕಳ ಶಾಲೆಯೊಂದರಲ್ಲಿ ಆರನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನವೆಂಬರಿನಲ್ಲಿ ಹತ್ತಿರದ ಫುನಾಬೊರಿಯಲ್ಲಿ ಒಂದು ಕೂಟ ಇದೆ. ನಮ್ಮ ಶಾಲೆಗಳ ಟೀಚರುಗಳು, ಇಲ್ಲಿನ ಜಪಾನಿ ಶಾಲೆಗಳ ಟೀಚರುಗಳು, ತಂದೆ ತಾಯಂದಿರು ಎಲ್ಲ ಸೇರಿ, ತಂತ್ರಜ್ಞಾನ ಮತ್ತು ಸಮುದಾಯದ ಬಲದಿಂದ ಶಾಲೆಯನ್ನು ಬದಲಾಯಿಸುತ್ತಾರಂತೆ. ಅದನ್ನು ನಡೆಸುತ್ತಿರುವ ಹರಿಪ್ರಸಾದ್ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರು, ನಮ್ಮ ಶಾಲೆಯ ಮಗುವೊಂದರ ತಂದೆ. ನಿಮ್ಮ ಲೇಖನ ಓದಿ ಪ್ರಶ್ನೆ ಡಬ್ಬಿಯನ್ನು ಆ್ಯಪ್ ಮಾಡಿದ್ದಾರೆ. ನಾನು ಎಲ್ಲರೆದುರು ಪಾಠ ಮಾಡಿ ತೋರಿಸಬೇಕು, ನೀವು ಮೈಸೂರಿನಿಂದ ವಿಡಿಯೋದಲ್ಲಿ ಮಾತಾಡಬೇಕು ಎಂದು ಅವರ ಆಸೆ.

ನಿಮಗೆ ಬೇಕಾದ್ದೇನು? ಅದನ್ನು ನೇರವಾಗಿ ಬರೆಯಿರಿ.

ಒಂದು ಕಾಲದ ಸಹೋದ್ಯೋಗಿ,
ವೇದವಲ್ಲಿ

*

ಜನತಾನಗರ, ಮೈಸೂರು
27 ಸೆಪ್ಟೆಂಬರ್ 2024

ವೇದವಲ್ಲಿ ಟೀಚರಿಗೆ,

ಕಾಗದ ತಲುಪಿತು. ಅಂಚೆಯವನು ಜಪಾನಿನ ಸ್ಟಾಂಪು ನೋಡಿ, “ಸಾರ್, ಮಗಳು ಅಲ್ಲಿದಾರಾ?” ಅಂದ. “ಇಲ್ಲಪ್ಪ, ಬೈಯೋರೊಬ್ರು ಇದಾರೆ” ಅಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆಂದು ಕಾದಿದ್ದರೆ ನಿಮಗೆ ನಿರಾಶೆಯಾಗುತ್ತದೆ. ಹಳೆಯದಕ್ಕೆ ನಾನು ಉತ್ತರ ಬರೆಯುವುದಿಲ್ಲ. ಲೇಖನದಲ್ಲಿ ನಿಮ್ಮ ಹೆಸರು ಹಾಕಿದ್ದು, ಕಲ್ಪನೆ ನಿಮ್ಮದಾಗಿದ್ದರಿಂದ. ಕದ್ದು ನನ್ನದೆಂದು ಹೇಳಿದ್ದರೆ ಆಗಲೂ ಬೈಯುತ್ತಿದ್ದಿರಿ.

ವಿಡಿಯೋ ವಿಷಯ: ಹರಿಪ್ರಸಾದರಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ನನ್ನ ಮೂತಿ ಪರದೆಯ ಮೇಲೆ ಬಂದರೆ ನೀವು ಪಾಠ ಬಿಟ್ಟು ಜಗಳಕ್ಕೆ ನಿಲ್ಲುತ್ತೀರಿ. ಜಪಾನಿನವರು ಅದನ್ನೂ ಬರೆದುಕೊಂಡಾರು.

ಒಂದೇ ಒಂದು ಮಾತು. ಆ ದಿನ ಪ್ರಶ್ನೆಗಳನ್ನು ನೀವು ಓದಬೇಡಿ. ಬೇರೆ ಯಾರಿಂದಾದರೂ ಓದಿಸಿ. ಕಾರಣ ಕೇಳಬೇಡಿ. ಕೇಳುತ್ತೀರಿ ಎಂದು ಗೊತ್ತು, ಆದರೂ ಕೇಳಬೇಡಿ.

ಮುಂದಿನ ವರ್ಷ ನಿವೃತ್ತಿ. ಮಂಡಿ ನೋವು ಬಿಟ್ಟರೆ ಎಲ್ಲ ಸರಿಯಿದೆ.

ಬೈಸಿಕೊಂಡ ಸಂತೋಷದಲ್ಲಿ,
ಶಂಕರ

*

ಇಚಿಕಾವಾ
20 ಅಕ್ಟೋಬರ್ 2024

ಶಂಕರ ಅವರಿಗೆ,

ನಾನು ಓದಬಾರದಂತೆ! ಕಾರಣವನ್ನೂ ಕೇಳಬಾರದಂತೆ! ಮಕ್ಕಳು ನನ್ನನ್ನು ನಂಬಿ ಬರೆದದ್ದನ್ನು ಇನ್ನೊಬ್ಬರ ಕೈಗೆ ಕೊಡಿ ಎನ್ನುತ್ತೀರಲ್ಲ, ಹಿಂದೊಮ್ಮೆ ಹಾಗೆ ಇನ್ನೊಬ್ಬರ ಕೈಗೆ ಹೋದದ್ದರ ಫಲ ನೋಡಿಯಾಗಿದೆ. ನಾನೇ ಓದುತ್ತೇನೆ. ನೀವು ಬೇಡವೆಂದ ಮೇಲಂತೂ ಖಂಡಿತ ನಾನೇ ಓದುತ್ತೇನೆ.

ಇಲ್ಲಿ ನನಗೆ ಯಾರ ಮೇಲೂ ನಂಬಿಕೆ ಬರುತ್ತಿಲ್ಲ. ಹರಿಪ್ರಸಾದ್ ಒಳ್ಳೆಯವನಂತೆಯೇ ಮಾತಾಡುತ್ತಾನೆ, ಅದೇ ನನಗೆ ಅನುಮಾನ. ಮಕ್ಕಳು ಟ್ಯಾಬ್ಲೆಟ್ಟಿನಲ್ಲಿ ಪ್ರಶ್ನೆ ಬರೆದ ಕೂಡಲೇ ಅದು ದೊಡ್ಡ ಪರದೆಯ ಮೇಲೆ ಬರುತ್ತದೆ. ಕೈಬರಹವೂ ಇಲ್ಲ, ಹೆಸರೂ ಇಲ್ಲ. “ಒಳಗಡೆ ಎಲ್ಲೋ ಹೆಸರು ಇಟ್ಕೊಂಡಿರ್ತೀರಿ ತಾನೆ?” ಎಂದೆ. “ಇಲ್ಲ ಮೇಡಂ, ಪ್ರಾಮಿಸ್. ಇಟ್ಕೊಂಡೇ ಇಲ್ಲ” ಎಂದ. ಹಾಲಿನಿಂದ ಬಾಯಿ ಸುಟ್ಟವಳು ನಾನು, ಮಜ್ಜಿಗೆಯನ್ನೂ ಊದಿ ಕುಡಿಯುತ್ತೇನೆ. ಪ್ರಶ್ನೆಗಳನ್ನು ಮೊದಲು ನನಗೊಬ್ಬಳಿಗೇ ತೋರಿಸಿ ಎಂದೆ. ಹಾಗೆ ಆರಿಸಿ ತೋರಿಸಿದರೆ ಅದು ನಾಟಕವಾಗುತ್ತದೆ ಎಂದರು ಸಮಿತಿಯವರು.

ಇನ್ನೊಬ್ಬರು ಮೊರಿತಾ-ಸಾನ್ (ಸಾನ್ ಎಂದರೆ ಇಲ್ಲಿ ನಮ್ಮ ‘ಅವರು’ ಇದ್ದಂತೆ). ಪಕ್ಕದ ಜಪಾನಿ ಶಾಲೆಯ ಹಿರಿಯ ಟೀಚರು. ಇಲ್ಲೊಂದು ಪದ್ಧತಿ ಇದೆ. ಒಬ್ಬರು ಪಾಠ ಮಾಡುವಾಗ ಉಳಿದ ಟೀಚರುಗಳು ಗೋಡೆಗೆ ಆನಿಕೊಂಡು ನಿಂತು ತುಟಿ ಬಿಚ್ಚದೆ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆಮೇಲೆ ಕೂತು ಚರ್ಚೆ ಮಾಡುತ್ತಾರೆ. ಮೊರಿತಾ-ಸಾನ್ ತಿಂಗಳ ಮುಂಚೆಯೇ ಯಾವ ಮಗು ಎಲ್ಲಿ ಕೂರುತ್ತದೆ ಎಂಬ ನಕ್ಷೆ ಕೇಳಿದ್ದಾರೆ. ಮನುಷ್ಯನಿಗೆ ಇಂಗ್ಲಿಷೂ ಬರುವುದಿಲ್ಲ, ನಮ್ಮ ಭಾಷೆಯೂ ಬರುವುದಿಲ್ಲ, ಮಕ್ಕಳ ಜಾಗ ತಿಳಿದುಕೊಂಡು ಏನು ಮಾಡುತ್ತಾರೆ? ಪ್ರಿನ್ಸಿಪಾಲರು ಹೇಳಿದ್ದರಿಂದ ಕೊಟ್ಟೆ. ಮನಸ್ಸಿಲ್ಲದೆ ಕೊಟ್ಟೆ.

ನಿಮ್ಮ ಮಾತು ಕೇಳದ,
ವೇದವಲ್ಲಿ

*

ಇಚಿಕಾವಾ
19 ನವೆಂಬರ್ 2024

ಶಂಕರ ಅವರಿಗೆ,

ನೀವು ಉತ್ತರ ಬರೆದಿಲ್ಲ. ಆದರೂ ಬರೆಯುತ್ತಿದ್ದೇನೆ. ಇದನ್ನು ಹೇಳಿಕೊಳ್ಳಲು ಬೇರೆ ಯಾರಿದ್ದಾರೆ? ಆ ಡಬ್ಬಿ ಏನೆಂದು ಗೊತ್ತಿರುವುದು ನಿಮಗೊಬ್ಬರಿಗೇ.

ಮೊನ್ನೆ ಶನಿವಾರ ಕೂಟ ನಡೆಯಿತು. ಮಕ್ಕಳು ಇಪ್ಪತ್ನಾಲ್ಕು. ಗೋಡೆಯುದ್ದಕ್ಕೂ ನಲವತ್ತು ಜನ ದೊಡ್ಡವರು, ಕೈಯಲ್ಲಿ ಪೆನ್ಸಿಲು. ಮೊದಲ ಮೂರು ಪ್ರಶ್ನೆ ಚೆನ್ನಾಗಿದ್ದವು. ಚಂದ್ರನಿಗೆ ನೆರಳು ಇದೆಯೇ, ಮೀನು ನಿದ್ದೆ ಮಾಡುತ್ತದೆಯೇ, ಹೀಗೆ. ಜನ ನಕ್ಕರು. ನನಗೂ ಹುಮ್ಮಸ್ಸು ಬಂತು. ನಾಲ್ಕನೆಯದು ಪರದೆಯ ಮೇಲೆ ಬಂದಾಗ ಓದಲು ಶುರು ಮಾಡಿಬಿಟ್ಟಿದ್ದೆ. ಇಂಗ್ಲಿಷಿನಲ್ಲಿ ಇತ್ತು, ಕನ್ನಡದಲ್ಲಿ ಬರೆಯುತ್ತೇನೆ: ‘ನಮ್ಮ ಅಪ್ಪ ಪ್ರತಿದಿನ ಆಫೀಸಿಗೆಂದು ಹೊರಟು ನದಿ ಪಕ್ಕದ ಪಾರ್ಕಿನಲ್ಲಿ ಕೂತಿರುತ್ತಾರೆ. ಅಮ್ಮನಿಗೆ ಗೊತ್ತಿಲ್ಲ. ನಾನು ಹೇಳಬೇಕಾ?’

ಯಾರು ಬರೆದರೆಂದು ನನಗೆ ತಕ್ಷಣ ತಿಳಿಯಿತು. ಅಮೂಲ್ಯ. ಮೂರು ವಾರದಿಂದ ಊಟದ ಡಬ್ಬಿಯನ್ನು ಅರ್ಧ ತಿಂದು ಮುಚ್ಚುತ್ತಿದ್ದಳು. ಆದರೆ ನಾನು ಹೆಸರೆತ್ತಲಿಲ್ಲ, ಅವಳ ಬಳಿ ಹೋಗಲಿಲ್ಲ. “ಇಂಥ ಭಾರವನ್ನು ಮಗು ಒಂದೇ ಹೊರಬೇಕಾಗಿಲ್ಲ, ನಂಬುವ ದೊಡ್ಡವರೊಬ್ಬರಿಗೆ ಹೇಳಬಹುದು” ಎಂದಷ್ಟೇ ಹೇಳಿ ಐದನೆಯದಕ್ಕೆ ಹೋದೆ. ಆ ಕೋಣೆಯಲ್ಲಿ ಹದಿನೈದು ಮಕ್ಕಳ ಅಪ್ಪಂದಿರು ಸಾಫ್ಟ್‌ವೇರಿನವರು. ಅದು ಯಾರ ಪ್ರಶ್ನೆಯಾದರೂ ಆಗಬಹುದಿತ್ತು.

ಅವಳ ತಾಯಿ ಸಂಜನಾ ಗೋಡೆಯ ಪಕ್ಕ ನಿಂತಿದ್ದಳು. ಕಾಫಿ ಹೊತ್ತಿಗೆ ನೋಡಿದರೆ ತಾಯಿಯೂ ಇಲ್ಲ, ಮಗಳೂ ಇಲ್ಲ. ನಿನ್ನೆಯಿಂದ ಅಮೂಲ್ಯ ಶಾಲೆಗೆ ಬಂದಿಲ್ಲ. ಅವಳ ಅಪ್ಪ ಅವಿನಾಶನಿಗೆ ಆಗಸ್ಟಿನಲ್ಲೇ ಕೆಲಸ ಹೋಗಿತ್ತಂತೆ, ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತಂತೆ. ಶಾಲೆಯೆಲ್ಲ ಅದೇ ಮಾತು.

ಹರಿಪ್ರಸಾದನೇ ಹೆಸರು ಕೊಟ್ಟಿದ್ದಾನೆ. ಬೇರೆ ದಾರಿಯೇ ಇಲ್ಲ. ಇವತ್ತು ಸಮಿತಿಯ ಮುಂದೆ ಅವನ ಮುಖಕ್ಕೇ ಹೇಳಿದೆ. “ಮೇಡಂ, ಹೆಸ್ರು ನಮ್ಮತ್ರ ಇಲ್ವೇ ಇಲ್ಲ, ಏನ್ ಕೊಡ್ಲಿ?” ಎಂದು ಎರಡು ಸಲ ಹೇಳಿ ಸುಮ್ಮನಾದ. ಹತ್ತು ವರ್ಷದ ಹಿಂದೆ ನೀವೂ ಹೀಗೆಯೇ ಸುಮ್ಮನಾಗಿದ್ದಿರಿ.

ಎರಡನೇ ಸಲ ಮೋಸ ಹೋದ,
ವೇದವಲ್ಲಿ

*

ಮೈಸೂರು
2 ಡಿಸೆಂಬರ್ 2024

ಟೀಚರ್,

ಹರಿಪ್ರಸಾದರನ್ನು ಬಿಟ್ಟುಬಿಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ಅವರು ಕೊಟ್ಟಿಲ್ಲ. ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ಗೊತ್ತು, ಅಷ್ಟೇ.

ಆ ಮಗುವಿನ ಮನೆಗೆ ಹೋಗಿ. ಮೊದಲು ಅದು ಮಾಡಿ.

ಇದಕ್ಕಿಂತ ಹೆಚ್ಚು ಬರೆಯಲು ಎರಡು ಸಲ ಕೂತು ಹರಿದು ಹಾಕಿದ್ದೇನೆ.

ಶಂಕರ

*

ಇಚಿಕಾವಾ
15 ಡಿಸೆಂಬರ್ 2024

ಶಂಕರ ಮೇಷ್ಟ್ರಿಗೆ,

ನಿಮ್ಮ ಕಾಗದ ಬಂದ ದಿನವೇ ಮೊರಿತಾ-ಸಾನ್ ಅವರಿಂದ ಒಂದು ದಪ್ಪ ಲಕೋಟೆ ಬಂತು. ಪಾಠ ನೋಡಿದವರು ತಾವು ಬರೆದುಕೊಂಡದ್ದನ್ನು ಪಾಠ ಮಾಡಿದವರಿಗೆ ಕೊಡುವುದು ಇಲ್ಲಿನ ಮರ್ಯಾದೆಯಂತೆ. ಜೊತೆಗೆ ಯಾರಿಂದಲೋ ಇಂಗ್ಲಿಷಿಗೆ ಮಾಡಿಸಿದ ಚಿಕ್ಕ ಪತ್ರ. ‘ಸುಮಿಮಾಸೆನ್, ಕ್ಷಮಿಸಿ. ನಿಮ್ಮ ಮಾತು ನನಗೆ ಅರ್ಥವಾಗುವುದಿಲ್ಲ. ಅದಕ್ಕೆ ನಿಮ್ಮ ಕಣ್ಣನ್ನು ಮಾತ್ರ ನೋಡುತ್ತಿದ್ದೆ. ಬಹಳ ಪ್ರೀತಿಯ ಟೀಚರ್ ಎಂದು ತಿಳಿಯಿತು.’

ಒಳಗೆ ನಾನು ಮನಸ್ಸಿಲ್ಲದೆ ಕೊಟ್ಟಿದ್ದ ಅದೇ ನಕ್ಷೆ. ಇಪ್ಪತ್ನಾಲ್ಕು ಚೌಕ. ನಾನು ನಿಂತ ಜಾಗದಿಂದ ಚೌಕಗಳಿಗೆ ಪೆನ್ಸಿಲಿನ ಬಾಣಗಳು, ಪಕ್ಕದಲ್ಲಿ ಪ್ರಶ್ನೆಯ ಸಂಖ್ಯೆ. ಒಂದನೇ ಪ್ರಶ್ನೆಯ ಬಾಣ ಬಾಗಿಲ ಬಳಿಯ ಭುವನ್ ಕಡೆಗೆ. ಚಂದ್ರನ ಹುಚ್ಚು ಇರುವುದು ಅವನಿಗೇ. ಎರಡನೆಯದು ಮೀನು ಸಾಕಿರುವವನ ಕಡೆಗೆ. ನಾಲ್ಕನೆಯದು ಮೂರನೇ ಸಾಲು, ಕಿಟಕಿ ಪಕ್ಕ, ಅಮೂಲ್ಯ. ಆ ಬಾಣವನ್ನು ಎರಡು ಸಲ ತಿದ್ದಿ ದಪ್ಪ ಮಾಡಿದ್ದಾರೆ. ಪಕ್ಕದಲ್ಲಿ ‘ನಾಲ್ಕು ಸೆಕೆಂಡ್’ ಎಂದಿದೆ.

ನಾನು ಅವಳ ಬಳಿ ಹೋಗಲಿಲ್ಲ, ಹೆಸರೆತ್ತಲಿಲ್ಲ. ನಾಲ್ಕು ಸೆಕೆಂಡು ಅವಳನ್ನೇ ನೋಡುತ್ತಾ ನಿಂತಿದ್ದೆ. ಇಪ್ಪತ್ತಾರು ವರ್ಷ ಪಾಠ ಮಾಡಿದ ಅಭ್ಯಾಸ ಮೇಷ್ಟ್ರೇ. ಯಾರು ಪ್ರಶ್ನೆ ಕೇಳಿದರೋ ಅವರ ಮುಖ ನೋಡಿಯೇ ಉತ್ತರ ಹೇಳುವುದು. ಹೆಸರಿಲ್ಲದಿದ್ದರೂ ಕಣ್ಣು ಹುಡುಕಿಕೊಂಡು ಹೋಗುತ್ತದೆ. ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ನಲವತ್ತು ಜನರಿಗೆ ಗೊತ್ತಾಯಿತು.

ಆ ಹಾಳೆ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದಾಗ ಹೆಡ್‌ಮಾಸ್ಟರು ನೆನಪಾದರು. ಹಿಂದಿನ ಬೆಂಚು, ಮಡಿಲಲ್ಲಿ ಡೈರಿ. ಪ್ರೇರಣಾ ಕೂರುತ್ತಿದ್ದದ್ದೂ ಮೂರನೇ ಸಾಲು.

ನಿಮಗೆ ಮೊದಲಿನಿಂದಲೂ ಗೊತ್ತಿತ್ತೇ? ಓದಬೇಡಿ ಎಂದದ್ದು ಅದಕ್ಕೇ ಏನು? ಈ ಸಲ ಉತ್ತರ ಹರಿದು ಹಾಕಬೇಡಿ.

ವೇದವಲ್ಲಿ

*

ಮೈಸೂರು
4 ಜನವರಿ 2025

ವೇದವಲ್ಲಿ ಟೀಚರ್,

ಗೊತ್ತಿತ್ತು.

ಆ ಸಂಜೆ ಹೆಡ್‌ಮಾಸ್ಟರು ನನ್ನನ್ನು ಕರೆಸಿ, “ಮೂರನೇ ಬೆಂಚಿನ ಕೊನೇಲಿ ಕೂರ್ತಾಳಲ್ಲ, ಯಾರ ಮಗಳ್ರೀ ಅವಳು?” ಎಂದರು. ಯಾಕೆ ಸಾರ್ ಎಂದೆ. ನಕ್ಕರು. “ನಿಮ್ಮ ಟೀಚರು ಚೀಟಿ ಓದ್ತಾ ಎತ್ಲಾಗ್ ನೋಡಿದ್ರು ಅಂತ ನಾನ್ ನೋಡಿಲ್ವಾ?” ಎಂದರು. ನನಗೆ ಗೊತ್ತಿಲ್ಲ ಎಂದೆ. ಅವರೇ ಹಾಜರಿ ಪುಸ್ತಕ ತರಿಸಿ ನೋಡಿಕೊಂಡರು. ನಾನು ಅದನ್ನು ತಡೆಯಲಿಲ್ಲ. ತಲೆ ತಗ್ಗಿಸಿಕೊಂಡು ಬಂದದ್ದು ಅದಕ್ಕೆ. ಇನ್ನು ಡಬ್ಬಿಯ ನನ್ನ ಕೀಲಿ, ಅದು ಮೊದಲನೇ ವಾರವೇ ಕಳೆದುಹೋಗಿತ್ತು. ನೀವು ಬೈಯುತ್ತೀರೆಂದು ಹೇಳಿರಲಿಲ್ಲ.

ಆಮೇಲೆ ಯಾಕೆ ಬಾಯಿ ಬಿಡಲಿಲ್ಲ? ಟಿ.ಸಿ. ಕೊಟ್ಟ ದಿನ ಸ್ಟಾಫ್ ರೂಮಿನಲ್ಲಿ ನೀವು ಅಳುತ್ತಾ, “ಆ ಮಗುಗೆ ನನ್ನಿಂದ ಕೆಟ್ಟದಾಗಿದ್ರೆ ಈ ಜನ್ಮದಲ್ಲಿ ಚಾಕ್ ಹಿಡಿಯೋದಿಲ್ಲ” ಎಂದಿರಿ. ನೀವು ಹೇಳಿದ್ದನ್ನು ಮಾಡುವವರು. ನಿಮ್ಮಂಥವರು ಪಾಠ ಬಿಟ್ಟರೆ ನಷ್ಟ ಯಾರಿಗೆ ಎಂದುಕೊಂಡೆ. ಇಷ್ಟೇ ಬರೆದು ನಿಲ್ಲಿಸಿದರೆ ನಾನು ದೊಡ್ಡ ಮನುಷ್ಯನಾಗಿಬಿಡುತ್ತೇನೆ. ಅದು ಪೂರ್ತಿ ನಿಜವಲ್ಲ. ಸಿಟ್ಟೂ ಇತ್ತು. ಹನ್ನೆರಡು ವರ್ಷ ಒಟ್ಟಿಗೆ ಊಟ ಮಾಡಿದವರು ಒಂದು ಮಾತು ಕೇಳದೆ ನನ್ನನ್ನು ಕಳ್ಳನೆಂದು ತೀರ್ಮಾನಿಸಿದಿರಿ. ಹಾಗಾದರೆ ಹಾಗೇ ಇರಲಿ ಎಂದು ಹಟ ಹಿಡಿದೆ. ಆ ಹಟದಲ್ಲೇ ಸೆಪ್ಟೆಂಬರಿನಲ್ಲಿ ಕಾರಣ ಬರೆಯಲಿಲ್ಲ. ಇನ್ನೊಂದು ಸಾಲು ಬರೆದಿದ್ದರೆ ಅಮೂಲ್ಯಳ ಗುಟ್ಟು ಉಳಿಯುತ್ತಿತ್ತು. ನಿಮ್ಮ ನಾಲ್ಕು ಸೆಕೆಂಡಿನಲ್ಲಿ ಎರಡು ನನ್ನವು.

ಈಗ ಪ್ರೇರಣಾ ವಿಷಯ. ಒಂದು ವರ್ಷ ಹಾಳಾಯಿತು. ಆಮೇಲೆ ಬೇರೆ ಶಾಲೆಗೆ ಸೇರಿಸಿದೆವು. ಈಗ ನರ್ಸಿಂಗ್ ಕೊನೆಯ ವರ್ಷ. ಟಿ.ಸಿ. ಕೊಟ್ಟ ಸಂಜೆ ಅವಳ ಮನೆಗೆ ಹೋಗಿದ್ದೆ. ಆ ಮಗುವಿಗೂ ಗೊತ್ತಿತ್ತು. ಏನು ಹೇಳಿದಳು ಗೊತ್ತೇ? “ಟೀಚರ್ ನನ್ನೇ ನೋಡಿದ್ರು ಸಾರ್. ನಾನೇ ಬರ್ದಿದ್ದು ಅಂತ ಗೊತ್ತಾದ್ರೂ ಬೈಲಿಲ್ಲ. ನಂಗೆ ಖುಷಿ ಆಯ್ತು.”

ಇದನ್ನು ಹತ್ತು ವರ್ಷ ನಿಮಗೆ ಕೊಡದೆ ಇಟ್ಟುಕೊಂಡೆ. ತಪ್ಪಾಯಿತು. ಚಾಕ್ ಬಿಡುತ್ತೇನೆಂದು ಮಾತ್ರ ಬರೆಯಬೇಡಿ.

ಕೀಲಿ ಕಳೆದವನು,
ಶಂಕರ

*

ಇಚಿಕಾವಾ
2 ಫೆಬ್ರವರಿ 2025

ಪ್ರಿಯ ಶಂಕರ ಮೇಷ್ಟ್ರೇ,

ಕ್ಷಮಿಸಿ ಎಂಬ ಮಾತು ಬರೆದು ನೋಡಿದೆ. ಹತ್ತು ವರ್ಷಕ್ಕೆ ಅದು ತೀರಾ ಚಿಕ್ಕದಾಗಿ ಕಾಣುತ್ತದೆ. ಆದರೂ ಬರೆಯುತ್ತೇನೆ. ಕ್ಷಮಿಸಿ.

ಹರಿಪ್ರಸಾದರ ಬಳಿ ಹೋಗಿ ಅದೇ ಸಮಿತಿಯ ಮುಂದೆ ಕ್ಷಮೆ ಕೇಳಿದೆ. “ಅಯ್ಯೋ ಬಿಡಿ ಮೇಡಂ, ನಾನೂ ಎರಡು ದಿನ ಕೋಡೆಲ್ಲ ತೆಗೆದು ನೋಡ್ದೆ, ನಮ್ಮದೇ ತಪ್ಪೇನೋ ಅಂತ” ಎಂದ. ನಿಜವಾಗಿಯೂ ಒಳ್ಳೆಯವನು. ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು.

ಫುನಾಬೊರಿಯಲ್ಲಿರುವ ಅಮೂಲ್ಯಳ ಮನೆಗೆ ಡಿಸೆಂಬರಿನಲ್ಲೇ ಹೋಗಿದ್ದೆ. ಅವಿನಾಶನೇ ಬಾಗಿಲು ತೆಗೆದು, ಚಹಾ ಕೊಟ್ಟು ಒಳಗೆ ಹೋದ. ಇನ್ನೂ ಕೆಲಸ ಸಿಕ್ಕಿಲ್ಲ. ಈಗ ಪಾರ್ಕಿಗೆ ಹೋಗುವುದಿಲ್ಲ, ಮನೆಯಲ್ಲೇ ಕೂತು ಅರ್ಜಿ ಹಾಕುತ್ತಾನೆ. ಸಂಜನಾ, “ಎಲ್ರೂ ಆ್ಯಪ್ ಅಂತಿದಾರೆ ಮಿಸ್. ನಂಗ್ಯಾರೂ ಏನೂ ಹೇಳ್ಲಿಲ್ಲ. ನೀವು ಅವಳನ್ನ ನೋಡಿದ್ರಿ, ನಾನು ನಿಮ್ಮನ್ನ ನೋಡ್ದೆ” ಎಂದಳು. ನಾನು ಅಮೂಲ್ಯಳ ಮುಂದೆ ನೆಲದ ಮೇಲೆ ಕೂತು, ಗುಟ್ಟು ಬಿಟ್ಟುಕೊಟ್ಟದ್ದು ನನ್ನ ಕಣ್ಣು, ಮಾತು ತಪ್ಪಿದವಳು ನಾನೇ ಎಂದು ಹೇಳಿದೆ. ಅವಳು ಚಾಪೆಯ ಅಂಚು ಕೀಳುತ್ತಾ, “ಡೈಜೋಬು, ಮಿಸ್” ಎಂದಳು. ಪರವಾಗಿಲ್ಲ ಎಂದು. ಪರವಾಗಿಲ್ಲದಂತೆ ಮುಖ ಇರಲಿಲ್ಲ.

ಜನವರಿಯಲ್ಲಿ ಶಾಲೆಗೆ ಬಂದಳು. ಚಾಕ್ ಬಿಟ್ಟಿಲ್ಲ ನಾನು, ಹೆದರಬೇಡಿ. ಆದರೆ ತರಗತಿಯಲ್ಲಿ ಪ್ರತಿ ಶುಕ್ರವಾರ ಮಕ್ಕಳ ಹೆಸರಿಲ್ಲದ ಪ್ರಶ್ನೆಗಳನ್ನು ಓದುವಾಗ ಬೋರ್ಡಿನ ಕಡೆ ತಿರುಗಿ ನಿಲ್ಲತೊಡಗಿದೆ. ಬೆನ್ನು ಹಾಕಿಯೇ ಓದುವುದು, ಬೆನ್ನು ಹಾಕಿಯೇ ಉತ್ತರ ಹೇಳುವುದು. ಮೂರು ವಾರ ಹಾಗೆ ಮಾಡಿದೆ. ಪ್ರಶ್ನೆಗಳು ಕಡಿಮೆಯಾಗುತ್ತಾ ಬಂದವು.

ಮೊನ್ನೆ ಶುಕ್ರವಾರ ಬಂದದ್ದು ಒಂದೇ. ‘ಮಿಸ್ ಈಗ ನಮ್ಮನ್ನು ಯಾಕೆ ನೋಡುವುದಿಲ್ಲ?’

ಯಾರು ಬರೆದರೆಂದು ತಿಳಿಯಲಿಲ್ಲ ಮೇಷ್ಟ್ರೇ. ಅಮೂಲ್ಯ ಇರಬಹುದು, ಯಾರಾದರೂ ಇರಬಹುದು. ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ತಿಳಿಯಲಿಲ್ಲ. ತಿರುಗಿ ನಿಂತೆ. ಯಾರ ಮುಖ ನೋಡಬೇಕೋ ಗೊತ್ತಾಗದೆ, ಬಾಗಿಲ ಬಳಿಯಿಂದ ಕಿಟಕಿಯವರೆಗೆ ಇಪ್ಪತ್ನಾಲ್ಕು ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ನೋಡಿದೆ. ಒಬ್ಬೊಬ್ಬರಿಗೂ ನಾಲ್ಕು ಸೆಕೆಂಡು.

ಪ್ರೇರಣಾಳ ವಿಳಾಸ ಕಳಿಸಿ. ಅವಳಿಗೂ ಕಾಗದವನ್ನೇ ಬರೆಯುತ್ತೇನೆ.

ನಿಮ್ಮ ಸ್ನೇಹಿತೆ,
ವೇದವಲ್ಲಿ